ಒಳಗೆ ಹೋದ ಹಲ್ಲು

ಮಸ್ಕಿಯಲ್ಲಿ ನಾನು ಬೆಳೆದ ಮನೆಗೆ ಮೂರು ಕೋಣೆಗಳಿದ್ದವು. ಮೂರರಲ್ಲೂ ಜೋಳದ ಚೀಲ, ಹಿಟ್ಟಿನ ಡಬ್ಬಿ, ಒಣಗಿದ ರೊಟ್ಟಿಯ ಗಂಟುಗಳೇ ತುಂಬಿಕೊಂಡಿರುತ್ತಿದ್ದರಿಂದ ಮನುಷ್ಯರಾದ ನಾವು ಹೆಚ್ಚಾಗಿ ಬದುಕಿದ್ದು ಹಿತ್ತಲಿನ ತಗಡಿನ ಚಪ್ಪರದ ಕೆಳಗೆ. ಅಲ್ಲಿ ಎರಡು ಒಲೆಗಳು ಒಂದರ ಪಕ್ಕ ಒಂದು ಇದ್ದವು. ಬಲಗಡೆಯದು ಅವ್ವನದು, ಎಡಗಡೆಯದು ಚಿಗವ್ವನದು. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ ಶಾರದವ್ವ. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಒಲೆ ಮುಂದೆ ಕೂತರೆ ಮಧ್ಯಾಹ್ನವೇ ಬೆನ್ನು ನೆಟ್ಟಗೆ ಮಾಡಿ ಏಳುತ್ತಿದ್ದರು. ಮೆತ್ತನೆಯ ಬಿಸಿ ರೊಟ್ಟಿ ಊರೊಳಗಿನ ಮನೆಗಳಿಗೆ, ಒಣಗಿಸಿದ ಖಡಕ್ ರೊಟ್ಟಿ ಸಿಂಧನೂರಿನ ಖಾನಾವಳಿಗಳಿಗೆ. ಅಪ್ಪ ಟಂಟಂ ಆಟೋ ಓಡಿಸುತ್ತಿದ್ದ. ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳನ್ನು ಸೀಟಿನ ಹಿಂದೆ ಜೋಡಿಸಿಕೊಂಡು, ಮುಂದೆ ಮಂದಿಯನ್ನು ಕೂಡಿಸಿಕೊಂಡು ದಿನಾ ಸಿಂಧನೂರಿಗೆ ಹೋಗಿಬರುತ್ತಿದ್ದ. ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ಚಪ್ಪರದ ಕಂಬಕ್ಕೆ ಒರಗಿ ಕೂತು ಸೊಸೆಯಂದಿರ ರೊಟ್ಟಿ ಬಡಿಯುವ ಸದ್ದಿನ ಮೇಲೇ ಅವರ ಮನಸ್ಸು ಹೇಳುತ್ತಿದ್ದಳು. ಸದ್ದು ಒಂದಕ್ಕೊಂದು ಹೊಂದಿಕೊಂಡು ಬಂದರೆ ಆಯಿಯೂ ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದಳು. ಎರಡೂ ಕಡೆ ಧಪಧಪ ಜೋರಾದರೆ, 'ಇವತ್ತಿನ ರೊಟ್ಟಿ ಸಿಟ್ಟಿನಾಗ ಆಗ್ಯಾವ, ತಿಂದವರು ಜಗಳಾಡ್ತಾರ' ಎಂದು ನಗುತ್ತಿದ್ದಳು.

ಕಾಕಾ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಶಿಫ್ಟಿನ ಕೆಲಸ; ಅಲ್ಲೇ ಜೊತೆಗಾರರೊಂದಿಗೆ ಒಂದು ಕೋಣೆಯಲ್ಲಿದ್ದು ರಜೆ ಸಿಕ್ಕಾಗ ಮಾತ್ರ ಮನೆಗೆ ಬರುತ್ತಿದ್ದ. ಚಿಗವ್ವನ ತವರು ಲಿಂಗಸೂಗೂರು. ಮದುವೆಯಾಗಿ ಏಳು ವರ್ಷ ಮಕ್ಕಳಾಗದೆ, ಆಮೇಲೆ ಹುಟ್ಟಿದವನು ಮಲ್ಲು. ಏಳು ವರ್ಷ ಚಿಗವ್ವ ಕೇಳಿದ ಮಾತುಗಳೆಲ್ಲ ಅವನು ಹುಟ್ಟಿದ ದಿನ ನಿಂತವು. ಅವನಿಗೆ ಮೊದಲ ಹಲ್ಲು ಬಂದಾಗ ಅವಳು ಓಣಿಯ ಹೆಂಗಸರನ್ನೆಲ್ಲ ಕರೆದು ಅವನ ತುಟಿ ಎತ್ತಿ ತೋರಿಸಿದ್ದಳು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಒಂದು ಸಣ್ಣ ಸಂದಿ ಇತ್ತು. ಅವನು ನಕ್ಕರೆ ಅದರೊಳಗಿಂದ ನಾಲಿಗೆಯ ತುದಿ ಕಾಣುತ್ತಿತ್ತು. ನನಗೆ ಆಗ ಹತ್ತು ವರ್ಷ, ಅವನಿಗೆ ಇನ್ನೂ ಎರಡು ತುಂಬಿರಲಿಲ್ಲ. ಶಾಲೆ ಇಲ್ಲದ ಹೊತ್ತಿನಲ್ಲಿ ಅವನನ್ನು ಆಡಿಸುವುದು ನನ್ನ ಪಾಲಿನ ಕೆಲಸ. ಅವನು ನನ್ನ ಸೊಂಟದ ಮೇಲೆ ಕೂತು ಕೂತು ನನ್ನ ನಡಿಗೆಯೇ ಒಂದು ಕಡೆ ವಾಲಿತ್ತು ಎಂದು ಅವ್ವ ಹೇಳುತ್ತಿದ್ದಳು.

ದಸರೆಯ ರಜೆ. ಅವ್ವ, ಚಿಗವ್ವ ಇಬ್ಬರೂ ರೊಟ್ಟಿ ಮುಗಿಸಿ ಮುಂದಿನ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದರು. ಆಯಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಹಿಟ್ಟು ನಾದುವ ದೊಡ್ಡ ಸ್ಟೀಲಿನ ಪರಾತವನ್ನು ತೊಳೆದು ಚಪ್ಪರದ ಕಂಬಕ್ಕೆ ಆನಿಸಿ ಇಟ್ಟಿದ್ದರು. ಅದಕ್ಕೆ ಎರಡು ಕಡೆ ಬಳೆಯಂಥ ಹಿಡಿಕೆಗಳಿದ್ದವು. ನಾನು ಅದನ್ನು ನೆಲಕ್ಕೆ ಹಾಕಿ, ಒಂದು ಹಿಡಿಕೆಗೆ ಹಳೆಯ ಸೀರೆಯ ತುಂಡು ಕಟ್ಟಿ, ಮಲ್ಲುವನ್ನು ಅದರೊಳಗೆ ಕೂಡಿಸಿದೆ. ನಮ್ಮ ಹಿತ್ತಲಿಗೆ ಹಾಸಿದ್ದು ನುಣುಪಾದ ಶಹಾಬಾದಿ ಪರಸಿ ಕಲ್ಲು. ಪರಾತ ಅದರ ಮೇಲೆ ಎಣ್ಣೆ ಹಚ್ಚಿದಂತೆ ಜಾರಿತು. ಅವನು ಕೇಕೆ ಹಾಕಿದ. ನಾನು ಒಂದು ಸುತ್ತು ಎಳೆದೆ, ಎರಡು ಸುತ್ತು ಎಳೆದೆ. 'ಇನ್ನಾ, ಇನ್ನಾ' ಎಂದ. ಮೂರನೆಯ ಸುತ್ತಿಗೆ ಓಡತೊಡಗಿದೆ. ಬಚ್ಚಲಿನ ಹತ್ತಿರ ನೆಲ ಹಸಿ ಇತ್ತು. ಪರಾತ ನನ್ನ ಕೈಯ ಮಾತು ಕೇಳದೆ ಅಡ್ಡ ಜಾರಿ ಬಚ್ಚಲಿನ ಕಟ್ಟೆಗೆ ಬಡಿಯಿತು. ಮಲ್ಲು ಮುಂದಕ್ಕೆ ಮುಗ್ಗರಿಸಿ ಬಾಯಿಯನ್ನು ಆ ಕಲ್ಲಿನ ಅಂಚಿಗೆ ಹೊಡೆದುಕೊಂಡ.

ಮೊದಲು ಅವನಿಗೆ ಅಳು ಬರಲಿಲ್ಲ. ಬಾಯಿ ತೆರೆದು ನನ್ನನ್ನೇ ನೋಡಿದ. ಆಮೇಲೆ ರಕ್ತ ಬಂತು, ಅದರ ಹಿಂದೆ ಅಳು ಬಂತು. ಅವನು ಅತ್ತದ್ದಕ್ಕೂ ಒಳಗಿನವರು ಓಡಿ ಬಂದದ್ದಕ್ಕೂ ನಡುವೆ ಹತ್ತು ಉಸಿರಿನಷ್ಟು ಹೊತ್ತು ಇತ್ತು. ಆ ಹೊತ್ತಿನಲ್ಲಿ ನಾನು ಮಾಡಿದ್ದನ್ನು ಈ ವಯಸ್ಸಿನಲ್ಲೂ ಬರೆಯಲು ಕೈ ಹಿಂದೆಗೆಯುತ್ತದೆ. ನಾನು ಅವನನ್ನು ಎತ್ತಿಕೊಳ್ಳಲಿಲ್ಲ. ಸೀರೆಯ ತುಂಡನ್ನು ಬಿಚ್ಚಿ ಕಟ್ಟಿಗೆ ರಾಶಿಯ ಹಿಂದೆ ಒಗೆದೆ. ಪರಾತವನ್ನು ಮೊದಲಿದ್ದ ಹಾಗೆ ಕಂಬಕ್ಕೆ ಆನಿಸಿದೆ. ಆಮೇಲೆ ಅವನನ್ನು ಎತ್ತಿದೆ.

'ಏನಾತಲೇ? ಏನಾತು ನನ್ನ ಕೂಸಿಗೆ?' ಎನ್ನುತ್ತ ಚಿಗವ್ವ ಅವನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

'ಓಡಾಕತ್ತಿದ್ದ ಚಿಗವ್ವ. ಕಾಲು ಜಾರಿ ಬಿದ್ದ,' ಎಂದೆ.

ಅವ್ವ ತಣ್ಣೀರಿನಲ್ಲಿ ಅರಿವೆ ಅದ್ದಿ ಅವನ ಬಾಯಿ ಒರೆಸಿದಳು. ತುಟಿ ಸೀಳಿತ್ತು. ಮೇಲಿನ ಎರಡು ಹಲ್ಲುಗಳಲ್ಲಿ ಒಂದು ಸಡಿಲಾಗಿ ಅಲುಗಾಡುತ್ತಿತ್ತು. ಇನ್ನೊಂದು ಇರಲೇ ಇಲ್ಲ. ಅದಿದ್ದ ಜಾಗದಲ್ಲಿ ಕೆಂಪು ಒಸಡು, ಅದರಲ್ಲಿ ಒಂದು ರಕ್ತದ ಗುಂಡಿ.

ಹಲ್ಲು ಎಲ್ಲಿ ಹೋಯಿತು? ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಹುಡುಕಾಟದಂಥದ್ದು ಬಂಗಾರ ಕಳೆದ ಮನೆಯಲ್ಲೂ ನಡೆದಿರಲಿಕ್ಕಿಲ್ಲ. ಅಪ್ಪ ಬಚ್ಚಲಿನ ಮೋರಿಗೆ ಕೈ ಹಾಕಿ ಕೆಸರು ತೆಗೆದ. ಆಯಿ ಹಿತ್ತಲನ್ನೆಲ್ಲ ಗುಡಿಸಿ, ಆ ಕಸವನ್ನು ಹಿಟ್ಟು ಸಾಣಿಸುವ ಜರಡಿಯಲ್ಲಿ ಹಾಕಿ ಸಾಣಿಸಿದಳು. ಎರಡು ಅಕ್ಕಿಕಾಳು, ಒಂದು ಬಳೆಚೂರು, ನನ್ನದೇ ಅಂಗಿಯ ಕಳೆದ ಒಂದು ಗುಂಡಿ ಸಿಕ್ಕವು. ಪಕ್ಕದ ಮನೆಯ ಖಾಜಾಬಿ ಕೂಡ ಬಂದು ಪರಸಿಯ ಸಂದಿಗಳನ್ನು ಕಡ್ಡಿಯಿಂದ ಕೆದಕಿದಳು. ನಾನೂ ಎಲ್ಲರೊಡನೆ ಬಾಗಿ ಹುಡುಕಿದೆ. ಬಾಯಿ ಬಡಿದ ಜಾಗ ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ, ಆದರೆ ಅಲ್ಲಿಯೂ ಹಲ್ಲು ಇರಲಿಲ್ಲ. ಕೊನೆಗೆ ಆಯಿ ತೀರ್ಮಾನ ಕೊಟ್ಟಳು.

'ನುಂಗ್ಯಾನ ಬಿಡ್ರಿ. ಬಾಳೆಹಣ್ಣು ತಿನಸ್ರಿ. ನಾಳೆ ನಾಡದ ಹೊರಗ ಬರ್ತೈತಿ.'

ಮುಂದಿನ ಎರಡು ದಿನ ಚಿಗವ್ವ ಒಂದು ಕಡ್ಡಿ ಹಿಡಿದು ಅದನ್ನೂ ನೋಡಿದಳು. ಬರಲಿಲ್ಲ.

ಬಿದ್ದ ದಿನ ಸಂಜೆಯೇ ಬಜಾರಿನ ಕಂಪೌಂಡರೊಬ್ಬನ ಹತ್ತಿರ ಮಗುವನ್ನು ಒಯ್ದಿದ್ದರು. ಅವನು ಟಾರ್ಚು ಹಿಡಿದು ನೋಡಿ, 'ಒಂದು ಹೋಗೇತಿ. ಇನ್ನೊಂದು ಅಲುಗ್ಯಾಡಾಕತ್ತೈತಿ. ನಾಳೆ ಕರಕೊಂಡು ಬರ್ರಿ, ಕಿತ್ತು ಒಗಿತೀನಿ. ಹಾಲಹಲ್ಲು, ಹೆಂಗೂ ಬೀಳಾವ' ಎಂದಿದ್ದ. ಚಿಗವ್ವ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ಮರುದಿನ ಕಳಿಸಬೇಕೋ ಬೇಡವೋ ಎಂಬ ಮಾತು ಬಂದಾಗ ಖಾಜಾಬಿ ಅಡ್ಡ ಬಂದಳು.

'ಅರೇ ಶಾರದಾ, ಹಲ್ಲು ಕೀಳಸಬ್ಯಾಡವ್ವ. ನಮ್ಮ ಮೊಮ್ಮಗ ಮೆಟ್ಟಲದಾಗ ಬಿದ್ದಾಗ ಸಿಂಧನೂರಾಗ ಹಲ್ಲಿನ ಡಾಕ್ಟರ್ ಮೇಡಂ ಒಬ್ರು ನೋಡಿದ್ರು. ಅವರು ಮುಟ್ಟಲೇ ಇಲ್ಲ, ತಾನಾ ಗಟ್ಟಿ ಆತು. ಅಲ್ಲಿಗೆ ಹೋಗು.'

ಆದರೆ ಸಿಂಧನೂರಿಗೆ ಹೋಗುವ ಮೊದಲೇ ಮನೆಯಲ್ಲಿ ಜಗಳ ಹತ್ತಿತು. ಎರಡನೆಯ ದಿನ ಬೆಳಿಗ್ಗೆ ಚಿಗವ್ವ ಮಲ್ಲುವಿಗೆ ನೀರು ಎರೆಯುತ್ತಿದ್ದಳು. ಎರೆಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿ, ಅವನ ಎರಡೂ ಮೊಣಕಾಲು ತಿರುಗಿಸಿ ನೋಡಿದಳು, ಅಂಗೈ ಬಿಡಿಸಿ ನೋಡಿದಳು.

'ಯಕ್ಕಾ, ಇಲ್ಲಿ ನೋಡ. ಓಡಿ ಬಿದ್ದ ಕೂಸಿಗೆ ಮಣಕಾಲು ತರಚಬೇಕಿಲ್ಲ? ಅಂಗೈ ತರಚಬೇಕಿಲ್ಲ? ಒಂದು ಗೀರು ಇಲ್ಲ. ನಿನ್ನ ಮಗಳು ಏನೋ ಮುಚ್ಚಾಕತ್ತ್ಯಾಳ.'

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಗುವಿನ ಕಡೆ ತಿರುಗಲಿಲ್ಲ. 'ಕೂಸು ಬಿದ್ದಿದ್ದು ಎಲ್ಲರಿಗೂ ಹೊಟ್ಟಿಯಾಗ ಬೆಂಕಿ ಬಿದ್ದಂಗ ಆಗೇತಿ. ಅದಕ್ಕಂತ ನನ್ನ ಮಗಳನ್ನ ಕಳ್ಳಿ ಮಾಡಬ್ಯಾಡ,' ಎಂದಳು.

'ಕಳ್ಳಿ ಅನ್ನಾಕತ್ತಿಲ್ಲ. ಖರೇ ಹೇಳು ಅನ್ನಾಕತ್ತೀನಿ.'

ಅವ್ವ ನನ್ನನ್ನು ಕರೆದಳು. ಹಿಟ್ಟಿನ ಕೈಯಿಂದಲೇ ನನ್ನ ಗದ್ದ ಹಿಡಿದು ಕೇಳಿದಳು. 'ಸುನಂದಾ, ನೀ ಹೇಳಿದ್ದು ಖರೇ ಐತಿಲ್ಲ?'

ಆಗ ಹೇಳಬಹುದಿತ್ತು. ಹೇಳಿದ್ದರೆ ಒಂದು ಏಟು, ಎರಡು ಬೈಗುಳ, ಅಷ್ಟಕ್ಕೆ ಮುಗಿಯುತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಅವ್ವ ಎದ್ದು ನಿಂತು, ಒಲೆಯ ಕಲ್ಲಿನ ಮೇಲೆ ಅಂಗೈ ಇಟ್ಟಳು. ನಮ್ಮ ಮನೆಯಲ್ಲಿ ಒಲೆಗಿಂತ ದೊಡ್ಡ ದೇವರಿರಲಿಲ್ಲ. 'ಇದರಾಣಿ, ನನ್ನ ಮಗಳು ಸುಳ್ಳು ಹೇಳಾಕಿ ಅಲ್ಲ,' ಎಂದಳು. ಚಿಗವ್ವ ಮಲ್ಲುವನ್ನು ಎತ್ತಿಕೊಂಡು ಒಳಗೆ ಹೋದಳು. ಆ ದಿನ ಎಡಗಡೆಯ ಒಲೆ ಹೊತ್ತಲಿಲ್ಲ.

ಮೂರನೆಯ ದಿನಕ್ಕೆ ಮಲ್ಲುವಿನ ತುಟಿ ಇನ್ನೂ ಊದಿಕೊಂಡಿತ್ತು. ಗಂಜಿ ಕುಡಿಯಲೂ ಒಲ್ಲೆನೆಂದ. ಅಪ್ಪನ ಟಂಟಂನಲ್ಲಿ ಸಿಂಧನೂರಿಗೆ ಹೊರಟೆವು. ಅವ್ವ, ಚಿಗವ್ವ, ಮಲ್ಲು. ನಾನು ಮನೆಯಲ್ಲೇ ಇರುತ್ತೇನೆ ಎಂದೆ. 'ಆಕಿನೂ ಬರಲಿ,' ಎಂದಳು ಚಿಗವ್ವ. 'ಹೆಂಗ ಬಿದ್ದ ಅಂತ ಡಾಕ್ಟರ್ ಕೇಳ್ತಾರ. ನೋಡಿದಾಕಿ ಆಕಿ ಒಬ್ಬಾಕಿನ.' ಗೊರೇಬಾಳ ದಾಟಿದೆವು. ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ನೆಲ್ಲು ಹಸಿರಾಗಿ ಎದ್ದಿತ್ತು. ಬೇರೆ ದಿನವಾಗಿದ್ದರೆ ಮಲ್ಲು ಕೊಕ್ಕರೆಗಳನ್ನು ತೋರಿಸಿ ಕೂಗುತ್ತಿದ್ದ. ಆ ದಿನ ಚಿಗವ್ವನ ತೊಡೆಗೂ ಹೋಗದೆ ನನ್ನ ತೊಡೆಯ ಮೇಲೆ ಬಂದು ಕೂತು, ಊದಿದ ತುಟಿಯನ್ನು ನನ್ನ ಹೆಗಲಿಗೆ ಒತ್ತಿಕೊಂಡು ನಿದ್ದೆ ಮಾಡಿದ. ಅವನು ನನ್ನನ್ನು ದೂರ ಮಾಡಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಡಾಕ್ಟರ್ ಮೇಡಂ ವಯಸ್ಸಿನಲ್ಲಿ ಚಿಗವ್ವನಿಗಿಂತ ಚಿಕ್ಕವರು. ಅವರು ಮಲ್ಲುವನ್ನು ಆ ದೊಡ್ಡ ಕುರ್ಚಿಯ ಮೇಲೆ ಮಲಗಿಸಲಿಲ್ಲ. ಚಿಗವ್ವನ ಎದುರಿಗೆ ಒಂದು ಸ್ಟೂಲು ಹಾಕಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮಗುವಿನ ಕಾಲು ಚಿಗವ್ವನ ಮಡಿಲಲ್ಲಿ, ತಲೆ ತಮ್ಮ ಮಡಿಲಲ್ಲಿ ಬರುವ ಹಾಗೆ ಮಲಗಿಸಿಕೊಂಡರು. ಅವನು ಅತ್ತ. 'ಅಳಲಿ ಬಿಡ್ರಿ, ಅತ್ತಾಗ ಬಾಯಿ ಛಲೋ ಕಾಣ್ತದ,' ಎಂದು ನಕ್ಕರು. ಒಸಡಿನ ಮೇಲೆ ಬೆರಳು ಇಟ್ಟು ಮೆಲ್ಲಗೆ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಪಕ್ಕದ ಕೋಣೆಯಲ್ಲಿ ಒಂದು ಸಣ್ಣ ಎಕ್ಸ್-ರೇ ತೆಗೆದು, ಹೆಬ್ಬೆರಳಿನಷ್ಟು ದೊಡ್ಡ ಆ ಕರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಚಿಗವ್ವನನ್ನು ಹತ್ತಿರ ಕರೆದರು.

'ಹಲ್ಲು ಹುಡುಕಿದ್ರೇನು?'

'ಎಲ್ಲಾ ಕಡೆ ಹುಡುಕೀವ್ರಿ ಮೇಡಂ. ನುಂಗ್ಯಾನ ಅಂತ ಮಾಡೀವಿ.'

'ನುಂಗಿಲ್ಲ. ಇಲ್ಲಿ ನೋಡ್ರಿ. ಹಲ್ಲು ಎಲ್ಲೂ ಹೋಗಿಲ್ಲ. ಪೆಟ್ಟು ಬಿದ್ದು ಮ್ಯಾಲ ಒಸಡಿನೊಳಗ ಹೋಗಿ ಕೂತದ. ಪೂರಾ ಒಳಗ.'

ಚಿಗವ್ವ ಆ ಹಾಳೆಯನ್ನು ನೋಡಿದಳು. ಅವಳಿಗೆ ಏನು ಕಂಡಿತೋ ತಿಳಿಯದು. ನನಗೆ ಕಂಡದ್ದು ಬೂದು ಬಣ್ಣದ ನೆರಳಿನೊಳಗೆ ಒಂದು ಬಿಳಿ ಮೊಳೆ. ಅದರ ಮೇಲೆ, ಇನ್ನೂ ಹುಟ್ಟದ ದೊಡ್ಡ ಹಲ್ಲಿನ ಮೊಗ್ಗು ಇದೆ ಎಂದು ಮೇಡಂ ಬೆರಳಿಟ್ಟು ತೋರಿಸಿದರು. ಒಳಗೆ ಹೋದ ಹಲ್ಲು ಆ ಮೊಗ್ಗಿನ ಕಡೆ ಬಾಗದೆ ತುಟಿಯ ಕಡೆ ಬಾಗಿದೆ, ಅದೊಂದು ಒಳ್ಳೆಯದಾಗಿದೆ ಎಂದರು. ಆಮೇಲೆ ಕೇಳಿದರು.

'ಹೆಂಗ ಬಿದ್ದ?'

'ಓಡಾಕ ಹೋಗಿ ಜಾರಿ ಬಿದ್ದಾನ್ರಿ,' ಎಂದಳು ಅವ್ವ.

ಮೇಡಂ ತಲೆ ಅಲ್ಲಾಡಿಸಿದರು. 'ಇಷ್ಟು ಸಣ್ಣ ಕೂಸು ತಾನಾ ಓಡಿ ಬಿದ್ರ ಇಷ್ಟು ಜೋರು ಪೆಟ್ಟು ಬೀಳೋದು ಕಡಿಮಿ. ಎತ್ತರದಿಂದ ಬಿದ್ನೇನು? ಗಾಡಿ ಮ್ಯಾಲಿಂದೇನು? ನಾ ಯಾರನ್ನೂ ಬೈಯಾಕ ಕೇಳಾಕತ್ತಿಲ್ಲ. ತಲಿಗೆ ಪೆಟ್ಟು ಬಿದ್ದಿರಬಹುದಾ ಅಂತ ನಂಗ ಗೊತ್ತಾಗಬೇಕು. ಬಿದ್ದ ಮ್ಯಾಲ ವಾಂತಿ ಮಾಡಿಕೊಂಡ್ನೇನು? ಮಂಪರು ಏನರ ಇತ್ತೇನು?'

ತಲೆಗೆ ಪೆಟ್ಟು ಎಂಬ ಮಾತು ಕೇಳುವವರೆಗೆ ನನ್ನ ಸುಳ್ಳಿನಿಂದ ಅವನಿಗೆ ಇನ್ನೂ ಏನೋ ಆಗಬಹುದು ಎಂದು ನನಗೆ ಹೊಳೆದಿರಲಿಲ್ಲ. ನಾನು ಗೋಡೆಗೆ ಆತು ನಿಂತು ಎಲ್ಲವನ್ನೂ ಹೇಳಿದೆ. ಪರಾತ, ಸೀರೆಯ ತುಂಡು, ಮೂರನೆಯ ಸುತ್ತು, ಬಚ್ಚಲಿನ ಕಟ್ಟೆ. ತಲೆ ಬಡಿದಿಲ್ಲ, ಬಾಯಿ ಮಾತ್ರ ಬಡಿಯಿತು ಎಂದೆ. ಪರಾತವನ್ನು ಕಂಬಕ್ಕೆ ಆನಿಸಿಟ್ಟದ್ದನ್ನೂ ಹೇಳಿದೆ. ಅದನ್ನು ಯಾರೂ ಕೇಳಿರಲಿಲ್ಲ. ಮೇಡಂ ನನ್ನ ಹತ್ತಿರ ಬಂದು, 'ಈಗ ಹೇಳಿದ್ದು ಛಲೋ ಆತು. ನಂಗ ಉಪಯೋಗ ಆತು,' ಎಂದರು. ಚಿಗವ್ವ ಮಗುವಿನ ಅಂಗಿ ಸರಿ ಮಾಡುತ್ತಿದ್ದಳು. ಅವ್ವನ ಮುಖವನ್ನು ನಾನು ನೋಡಲಿಲ್ಲ.

ಹಲ್ಲು ಕೀಳುವುದು ಬೇಡ, ಎಳೆಯುವುದೂ ಬೇಡ, ಒಳಗೆ ಹೋದದ್ದು ತಾನೇ ಇಳಿದು ಬರುತ್ತದೆ ಎಂದರು ಮೇಡಂ. ಕೆಲವು ಮಕ್ಕಳಿಗೆ ಒಂದೆರಡು ತಿಂಗಳು, ಕೆಲವರಿಗೆ ಆರು ತಿಂಗಳು. ಅಲುಗಾಡುವ ಹಲ್ಲು ಗಟ್ಟಿಯಾಗುತ್ತದೆ, ಆದರೆ ಬಣ್ಣ ಕಪ್ಪಾಗಬಹುದು, ಹೆದರಬೇಡಿ ಎಂದರು. ಎರಡು ವಾರ ಗಟ್ಟಿ ತಿನಿಸು ಕೊಡಬಾರದು. ದಿನಕ್ಕೆ ಎರಡು ಸಲ ಬೆರಳಿಗೆ ಮೆತ್ತನೆಯ ಅರಿವೆ ಸುತ್ತಿ, ತಾವು ಕೊಟ್ಟ ಔಷಧದ ನೀರಿನಲ್ಲಿ ಅದ್ದಿ ಒಸಡು ಒರೆಸಬೇಕು. ಅದನ್ನು ಬಿಟ್ಟರೆ ಒಸಡು ಕೀವಾಗಿ ಹಲ್ಲು ತೆಗೆಯಲೇಬೇಕಾಗುತ್ತದೆ. ಒಸಡಿನ ಮೇಲೆ ಗುಳ್ಳೆ ಕಂಡರೆ ಆ ದಿನವೇ ಬರಬೇಕು. ಅಷ್ಟೇ.

ಮನೆಗೆ ಬಂದ ಮೇಲೆ ಅವ್ವ ನನ್ನನ್ನು ಹೊಡೆಯುತ್ತಾಳೆ ಎಂದು ಕಾದೆ. ಅವಳು ಹೊಡೆಯಲಿಲ್ಲ. ಕೈಕಾಲು ತೊಳೆದುಕೊಂಡು ಬಂದು ಒಲೆಯ ಮುಂದೆ ನಿಂತು ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

'ನಿನ್ನ ಮಾತಿನ ಮ್ಯಾಲ ನಾ ಒಲಿ ಮುಟ್ಟಿದ್ದೆ.'

ಮರುದಿನ ಬೆಳಿಗ್ಗೆ ಚಿಗವ್ವ ಮಲ್ಲುವನ್ನು ಎತ್ತಿಕೊಂಡು, ಔಷಧದ ಬಾಟಲಿಯನ್ನು ಚೀಲದಲ್ಲಿ ಇಟ್ಟುಕೊಂಡು ಲಿಂಗಸೂಗೂರಿಗೆ ಹೊರಟಳು. ಆಯಿ ಬೇಡ ಎಂದಳು, ಅಪ್ಪ ಬೇಡ ಎಂದ. 'ಕೂಸಿಗೆ ಆರಾಮ ಆಗಾತನಕ ಅವ್ವನ ಮನ್ಯಾಗ ಇರ್ತೀನಿ,' ಎಂದಳು. ಯಾರ ಮೇಲೂ ದನಿ ಎತ್ತಲಿಲ್ಲ. ನನ್ನ ಕಡೆ ನೋಡಲಿಲ್ಲ. ಮಲ್ಲು ಅವಳ ಹೆಗಲ ಮೇಲಿಂದ ನನಗೆ ಕೈ ಬೀಸಿದ.

ಎಂಟು ದಿನ ಅವ್ವ ಒಬ್ಬಳೇ ರೊಟ್ಟಿ ಬಡಿದಳು. ಒಂದೇ ಸದ್ದು. ಖಾನಾವಳಿಗೆ ಹೋಗುವ ಗಂಟುಗಳು ಅರ್ಧಕ್ಕಿಳಿದವು. ನಾನು ಎಡಗಡೆಯ ಒಲೆಯ ಮುಂದೆ ಕೂತು ಬಡಿಯಲು ಕಲಿಯತೊಡಗಿದೆ. ನನ್ನ ರೊಟ್ಟಿಗಳು ಒಂದು ಕಡೆ ದಪ್ಪ, ಒಂದು ಕಡೆ ಹರಕು. ಅವ್ವ ಅವನ್ನು ಬೈಯದೆ ತೆಗೆದುಕೊಂಡು ಮನೆಯ ಊಟಕ್ಕೆ ಇಡುತ್ತಿದ್ದಳು. ನಾವೆಲ್ಲ ಎಂಟು ದಿನ ನನ್ನ ಹರಕು ರೊಟ್ಟಿ ತಿಂದೆವು. ಆಯಿ ಮಾತ್ರ, 'ಹಲ್ಲಿಲ್ಲದ ನನಗ ಇದಾ ಛಲೋ, ಬೆಂದೇ ಇಲ್ಲ, ಮೆತ್ತಗೈತಿ,' ಎಂದಳು. ಆ ಎಂಟು ದಿನದಲ್ಲಿ ಅವ್ವ ನಕ್ಕದ್ದು ಅದೊಂದು ಸಲ.

ಒಂಬತ್ತನೆಯ ದಿನ ಅವ್ವ ಗೋಧಿ ಹುಗ್ಗಿ ಮಾಡಿ, ಬೆಲ್ಲ ಹಾಕಿ ಚೆನ್ನಾಗಿ ಕರಗಿಸಿ ಡಬ್ಬಿಗೆ ತುಂಬಿದಳು. 'ಏಳು,' ಎಂದಳು ನನಗೆ. ಅಪ್ಪ ನಮ್ಮಿಬ್ಬರನ್ನು ಲಿಂಗಸೂಗೂರಿಗೆ ಕರೆದೊಯ್ದ. ಚಿಗವ್ವ ತವರಿನ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಮ್ಮನ್ನು ಕಂಡು ಹಿಂಡುವುದನ್ನು ನಿಲ್ಲಿಸಲಿಲ್ಲ. ನಾನು ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಮೊದಲು ಮಾತಾಡಿದವಳು ಅವ್ವ.

'ಶಾರದಾ, ಹುಡುಗಿ ತಪ್ಪು ಮಾಡ್ಯಾಳ, ಅದನ್ನ ಆಕಿ ಹೇಳ್ತಾಳ. ನನ್ನ ತಪ್ಪು ಬ್ಯಾರೆ ಐತಿ. ನೀ ಕೂಸಿನ ಮಣಕಾಲು ನೋಡು ಅಂದಾಗ ನಾ ತಿರುಗಿ ನೋಡಬೇಕಿತ್ತು. ನೋಡಲಿಲ್ಲ.'

ಚಿಗವ್ವನ ಕೈ ಆಗ ನಿಂತಿತು. ಒದ್ದೆ ಸೀರೆಯನ್ನು ಹಾಗೇ ಹಿಡಿದುಕೊಂಡು, 'ನಾನೂ ಆಕಿಗೆ ಕೂಸು ಒಪ್ಪಿಸಿ ನಿಶ್ಚಿಂತಿ ಇದ್ದೆ ಅಕ್ಕ. ಹತ್ತು ವರ್ಷದ ಹುಡುಗಿ ಅಂತ ಮರತಬಿಟ್ಟಿದ್ದೆ,' ಎಂದಳು. ನಾನು ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. 'ತಪ್ಪಾತು ಚಿಗವ್ವ' ಎಂದು ಅತ್ತೆ, ಅಷ್ಟೆ.

ಅಷ್ಟರಲ್ಲಿ ಒಳಗಿನಿಂದ ಮಲ್ಲು ಕಿರುಚುವುದು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಚಿಗವ್ವನ ತಾಯಿ ಅವನ ಎರಡು ಕಾಲುಗಳನ್ನು ಒತ್ತಿ ಹಿಡಿದು, ಬೆರಳಿಗೆ ಅರಿವೆ ಸುತ್ತಿಕೊಂಡು ಕೂತಿದ್ದಳು. ಅವನು ಹಲ್ಲು ಕಚ್ಚಿ ತುಟಿ ಬಿಗಿದಿದ್ದ. 'ದಿನಾ ಹಿಂಗ,' ಎಂದಳು ಚಿಗವ್ವ. 'ಬೆರಳು ಒಳಗ ಬಿಡಂಗಿಲ್ಲ. ಕಚ್ಚತಾನ. ಎರಡು ದಿನದಿಂದ ಒರಸಾಕ ಆಗಿಲ್ಲ. ಕೀವು ಆದ್ರ ಏನ್ ಮಾಡಲಿ ಅಂತ ನಂಗ ನಿದ್ದಿ ಇಲ್ಲ.' ನಾನು ಏನೂ ಯೋಚಿಸದೆ ಆ ಅರಿವೆಯನ್ನು ನನ್ನ ಬೆರಳಿಗೆ ಸುತ್ತಿಕೊಂಡು ಅವನ ಮುಂದೆ ನೆಲದ ಮೇಲೆ ಕೂತೆ. ನನ್ನ ಬಾಯಿ ದೊಡ್ಡದಾಗಿ ತೆರೆದೆ. ಅವನ ಬೆರಳು ಹಿಡಿದು ನನ್ನ ಹಲ್ಲಿನ ಮೇಲೆ ಇಟ್ಟು, 'ಒಂದು' ಎಂದೆ. ಇನ್ನೊಂದರ ಮೇಲೆ ಇಟ್ಟು, 'ಎರಡು' ಎಂದೆ. ಅವನಿಗೆ ಮೋಜೆನಿಸಿತು. ತಾನೇ ನನ್ನ ಬಾಯೊಳಗೆ ಇಡೀ ಕೈ ತುರುಕಿ ನನ್ನ ಹಲ್ಲು ತಿಕ್ಕಿದ. ನಾನು ಬೇಕಂತಲೇ ಗುಳುಗುಳು ಸದ್ದು ಮಾಡಿದೆ. ಅವನು ನಕ್ಕ. ಆ ನಗುವಿನಲ್ಲಿ ಬಾಯಿ ತೆರೆದದ್ದೇ, 'ಈಗ ನನ್ನ ಪಾಳಿ' ಎಂದು ಅರಿವೆಯ ಬೆರಳನ್ನು ಒಳಗೆ ಹಾಕಿ, ಮೇಡಂ ತೋರಿಸಿದ ಹಾಗೆ ಒಸಡಿನ ಮೇಲಿಂದ ಕೆಳಗೆ ಮೆತ್ತಗೆ ಒರೆಸಿದೆ. ಅವನು ಕಚ್ಚಲಿಲ್ಲ.

ಚಿಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹುಗ್ಗಿಯ ಡಬ್ಬಿ ತೆಗೆದು ಅವನಿಗೆ ನಾಲ್ಕು ತುತ್ತು ತಿನಿಸಿದಳು. ಆಮೇಲೆ ಅವ್ವನಿಗೆ ಹೇಳಿದಳು, 'ನಾ ಬರ್ತೀನಿ ಅಕ್ಕ. ಆದ್ರ ಇವನ ಬಾಯಿ ತೊಳಿಯೋದು ಈಕಿ ಕೆಲಸ. ಎರಡೂ ಹೊತ್ತು. ಒಂದು ದಿನ ತಪ್ಪಿದ್ರ ನಾ ಕೇಳಾಕಿ.' ಅದೇ ಟಂಟಂನಲ್ಲಿ, ಒದ್ದೆ ಬಟ್ಟೆಗಳನ್ನು ಹಾಗೇ ಗಂಟು ಕಟ್ಟಿಕೊಂಡು, ನಾವೆಲ್ಲ ಮಸ್ಕಿಗೆ ಬಂದೆವು.

ಆ ಕೆಲಸವನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಶಾಲೆಗೆ ಹೋಗುವ ಮುಂಚೆ ಒಂದು ಸಲ, ದೀಪ ಹಚ್ಚಿದ ಮೇಲೆ ಒಂದು ಸಲ. ಔಷಧದ ನೀರು ಮುಗಿದ ಮೇಲೆ ಕುದಿಸಿ ಆರಿಸಿದ ನೀರು. ಮೇಡಂ ಹೇಳಿದ ಎರಡು ವಾರ ಮುಗಿಯುವವರೆಗೆ ಮನೆಯಲ್ಲಿ ಯಾರೂ ಅವನೆದುರು ಖಡಕ್ ರೊಟ್ಟಿ ಮುರಿಯಲಿಲ್ಲ, ಏಕೆಂದರೆ ಆ ಸದ್ದು ಕೇಳಿದರೆ ಅವನು ಎಲ್ಲಿದ್ದರೂ ಕೈ ಚಾಚಿ ಬರುತ್ತಿದ್ದ. ಖಾನಾವಳಿಗಳಿಗೆ ಗಂಟುಗಟ್ಟಲೆ ಖಡಕ್ ರೊಟ್ಟಿ ಕಳಿಸುವ ಮನೆಯವರು ಹಾಲಿನಲ್ಲಿ ಕಿವುಚಿದ ರೊಟ್ಟಿ, ನುಚ್ಚು, ಅಂಬಲಿ ಉಂಡುಕೊಂಡಿದ್ದೆವು. ಆಯಿಗೆ ಅದು ಹಬ್ಬ. ಅಲುಗಾಡುತ್ತಿದ್ದ ಹಲ್ಲು ಮೊದಲು ಗಟ್ಟಿಯಾಯಿತು, ಆಮೇಲೆ ಮೇಡಂ ಹೇಳಿದ ಹಾಗೆ ಬೂದಿ ಬಣ್ಣಕ್ಕೆ ತಿರುಗಿತು. ಅದು ಬೀಳುವವರೆಗೂ ಹಾಗೇ ಇತ್ತು. ಅವನ ಏಳನೆಯ ವರ್ಷದಲ್ಲಿ ಬಂದ ದೊಡ್ಡ ಹಲ್ಲುಗಳಲ್ಲಿ ಒಂದರ ಮೇಲೆ ಸಾಸಿವೆಯಷ್ಟು ಬಿಳಿ ಮಚ್ಚೆ ಇದೆ. ಪೆಟ್ಟು ಮೊಗ್ಗಿಗೂ ಸ್ವಲ್ಪ ತಾಗಿದ್ದರ ಗುರುತಂತೆ. ಈಗ ಅವನೂ ಹಟ್ಟಿಯಲ್ಲಿ ಶಿಫ್ಟಿಗೆ ಹೋಗುತ್ತಾನೆ, ಮಕ್ಕಳಿದ್ದಾರೆ. ಆ ಮಚ್ಚೆಯನ್ನು ಅವನು ಯಾವತ್ತೂ ಲೆಕ್ಕಿಸಿದವನಲ್ಲ. ನಾನೊಬ್ಬಳೇ ಅವನು ನಕ್ಕಾಗಲೆಲ್ಲ ಮೊದಲು ಅದನ್ನು ನೋಡುತ್ತೇನೆ.

ಚಿಗವ್ವ ನನ್ನ ಮೇಲಿನ ಸಿಟ್ಟನ್ನು ಲಿಂಗಸೂಗೂರಿನಲ್ಲೇ ಬಿಟ್ಟು ಬಂದಿದ್ದಳು. ಅವ್ವನಿಗೆ ಅಷ್ಟು ಸುಲಭ ಆಗಲಿಲ್ಲ. ಅವಳು ಬೈಯುತ್ತಿರಲಿಲ್ಲ, ಊಟಕ್ಕೆ ಕಡಿಮೆ ಮಾಡುತ್ತಿರಲಿಲ್ಲ, ತಲೆ ಬಾಚುವಾಗ ಮೊದಲಿನ ಹಾಗೆಯೇ ಬಿಗಿಯಾಗಿ ಜಡೆ ಹಾಕುತ್ತಿದ್ದಳು. ಆದರೆ ನನ್ನ ಮಾತನ್ನು ಎದ್ದು ಹೋಗಿ ನೋಡುತ್ತಿದ್ದಳು. ಕೊಡ ತುಂಬಿಟ್ಟೆ ಎಂದರೆ ಹೋಗಿ ಕೊಡದ ಮುಚ್ಚಳ ಸರಿಸುತ್ತಿದ್ದಳು. ಬರೆಯುವುದು ಮುಗಿಯಿತು ಎಂದರೆ ಓದು ಬಾರದ ಅವಳು ಪುಸ್ತಕ ತೆರೆದು, ಹಾಳೆ ತುಂಬಿದೆಯೇ ಎಂದು ನೋಡುತ್ತಿದ್ದಳು. ಖಾಜಾಬಿ ಕರೆದಳು ಎಂದರೆ ಗೋಡೆಯ ಮೇಲಿಂದ ಇಣುಕಿ, 'ಕರದೇನಬೇ?' ಎಂದು ಕೇಳುತ್ತಿದ್ದಳು. ಸಿಟ್ಟಿನಿಂದ ಮಾಡುತ್ತಿದ್ದಳು ಎಂದು ನನಗೆ ಅನಿಸುತ್ತಿರಲಿಲ್ಲ. ಕಾಲು ಉಳುಕಿದವರು ಆ ಕಾಲನ್ನು ಊರಲು ಹೆದರುವ ಹಾಗೆ ಇತ್ತು ಅದು. ನಾನೂ ಅದಕ್ಕೆ ಹೊಂದಿಕೊಂಡು, ಏನಾದರೂ ಹೇಳುವ ಮೊದಲು ನಾನೇ ಎರಡು ಸಲ ನೋಡಿಕೊಳ್ಳತೊಡಗಿದೆ. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಅಂಗನವಾಡಿಯಲ್ಲಿ ಮಕ್ಕಳ ತೂಕ ಬರೆಯುವಾಗ ಎರಡು ಸಲ ತೂಗಿಯೇ ಬರೆಯುತ್ತೇನೆ. ಜೊತೆಯವರು ನಗುತ್ತಾರೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಒಮ್ಮೆ ಅವನ ಒಸಡಿನ ಮೇಲೆ ಬೆಳ್ಳಗೆ ಕಂಡಿತು. 'ಅವ್ವ, ಹಲ್ಲು ಬಂತು' ಎಂದು ಕೂಗಿದೆ. ಅವ್ವ ಬಂದಳು, ಬಾಗಿ ನೋಡಿದಳು, ಸೆರಗಿನ ತುದಿಯಿಂದ ಒರೆಸಿದಳು. ಬೆಳ್ಳಗಿದ್ದದ್ದು ಹೋಯಿತು. 'ಹಾಲಿನ ಕೆನಿ,' ಎಂದು ಹೇಳಿ ಒಳಗೆ ಹೋದಳು. ನನಗೆ ಭೂಮಿ ಬಾಯಿಬಿಡಬಾರದೆ ಎನಿಸಿತು.

ಆಮೇಲೆ ಸಂಕ್ರಾಂತಿ ಕಳೆಯಿತು. ಮೂರು ತಿಂಗಳ ಮೇಲಾಗಿತ್ತು. ಒಂದು ಬೆಳಿಗ್ಗೆ ಮಲ್ಲುವನ್ನು ಬಚ್ಚಲಿನ ಹತ್ತಿರ ಬಿಸಿಲಿಗೆ ಕೂಡಿಸಿಕೊಂಡು ಬಾಯಿ ಒರೆಸುತ್ತಿದ್ದೆ. ಚಪ್ಪರದ ಕೆಳಗೆ ಅವ್ವ, ಚಿಗವ್ವ ಇಬ್ಬರೂ ಬಡಿಯುತ್ತಿದ್ದರು. ಒಸಡಿನಲ್ಲಿ ಉಗುರಿನ ಅಂಚಿನಷ್ಟು ಬಿಳಿ ಗೆರೆ ಕಂಡಿತು. ನಾನು ಕೂಗಲಿಲ್ಲ. ಒರೆಸಿದೆ, ಹೋಗಲಿಲ್ಲ. ನೀರು ಹಾಕಿ ಮತ್ತೆ ಒರೆಸಿದೆ. ಅರಿವೆ ಬಿಚ್ಚಿ ಬರಿಯ ಬೆರಳಿನಿಂದ ಮುಟ್ಟಿದೆ. ಗಟ್ಟಿಯಾಗಿತ್ತು. ಉಗುರಿನಿಂದ ಮೆಲ್ಲಗೆ ತಟ್ಟಿದೆ, ಟಿಕ್ ಎಂದಿತು. ಮಲ್ಲು ನನ್ನ ಬೆರಳು ಕಚ್ಚಿದ, ಅಲ್ಲಿಯೂ ಚುಚ್ಚಿತು. ಆಗ ಎದ್ದು ಒಲೆಯ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಹೇಳಿದೆ.

'ಅವ್ವ, ಹಲ್ಲು ಇಳದೈತಿ.'

ಅವ್ವನ ಕೈ ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಚಿಗವ್ವನ ಕಡೆ ತಿರುಗಿ, 'ಶಾರದಾ, ಹಲ್ಲು ಇಳದೈತಿ. ಹೋಗಿ ನೋಡ ನಿನ್ನ ಮಗಂದು,' ಎಂದಳು. ಚಿಗವ್ವ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿದಳು. ಹಿಂದೆಯೇ ಆಯಿ ಗೋಡೆ ಹಿಡಿದುಕೊಂಡು ಎದ್ದಳು. ಬಚ್ಚಲಿನ ಕಡೆಯಿಂದ ಚಿಗವ್ವ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಸದ್ದು ಬಂತು. ಖಾಜಾಬಿಯನ್ನು ಕೂಗಿದಳು. ಅವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ. ಕೈ ಚಾಚಿ ಚಿಗವ್ವನ ಹಂಚಿನ ರೊಟ್ಟಿಯನ್ನು ಹೊತ್ತದಂತೆ ತಿರುವಿ ಹಾಕಿದಳು.

'ನೀ ನೋಡಂಗಿಲ್ಲೇನವ್ವ?' ಎಂದೆ.

'ನೀ ನೋಡೀಯಲ್ಲ,' ಎಂದು ಅವ್ವ ಮುಂದಿನ ಹಿಟ್ಟಿನ ಉಂಡಿಯನ್ನು ಕೈಗೆ ತೆಗೆದುಕೊಂಡಳು.